ಮಗ ಚೇತರಿಸಿಕೊಂಡ ಮೇಲೂ ನಿಲ್ಲದ ಹುಡುಕಾಟ: ಸ್ಟ್ಯಾನ್ಲಿ ಕುಟುಂಬ ಮತ್ತು ಸಿ4 ಜೀನ್

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಟೆಡ್ ಸ್ಟ್ಯಾನ್ಲಿ ಅಂತ ಒಬ್ಬ ಉದ್ಯಮಿ ಇದ್ದರು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅದರ ನೆನಪಿಗೆ ಪದಕಗಳನ್ನು ಮಾಡಿಸಿ ಮಾರಿ ವ್ಯಾಪಾರ ಶುರುಮಾಡಿದವರು. ಜನ ಸಂಗ್ರಹಿಸಿಡುವ ಇಂಥ ವಸ್ತುಗಳಿಂದಲೇ ಅವರು ದೊಡ್ಡ ಶ್ರೀಮಂತರಾದರು. ವೈದ್ಯರಲ್ಲ, ವಿಜ್ಞಾನಿಯೂ ಅಲ್ಲ.

1988ರಲ್ಲಿ ಅವರ ಮಗ ಜೊನಾಥನ್‌ಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಅತಿಯಾದ ಉನ್ಮಾದಕ್ಕೂ ಆಳವಾದ ಖಿನ್ನತೆಗೂ ಹೊಯ್ದಾಡುವ ಕಾಯಿಲೆ, ಇದೆ ಅಂತ ಗೊತ್ತಾಯಿತು. ಆಗಿನ್ನೂ ಕಾಲೇಜು ಓದುತ್ತಿದ್ದ. ಗುಪ್ತಚರರು ತನ್ನ ಬೆನ್ನು ಹತ್ತಿದ್ದಾರೆ ಅಂತ ನಂಬಿ ನ್ಯೂಯಾರ್ಕಿನ ಬೀದಿಗಳಲ್ಲಿ ಮೂರು ದಿನ ತಪ್ಪಿಸಿಕೊಂಡು ಓಡಾಡಿದ. ಕೊನೆಗೆ ಒಂದು ತಿಂಡಿ ಅಂಗಡಿಯಲ್ಲಿ, ಮೈಮೇಲೆ ಬಟ್ಟೆ ಇಲ್ಲದೆ, ಹಾಲಿನ ಪ್ಲಾಸ್ಟಿಕ್ ಕ್ರೇಟಿನ ಮೇಲೆ ನಿಂತುಬಿಟ್ಟಿದ್ದ. ಅಲ್ಲಿಂದ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಇದನ್ನೆಲ್ಲ ಜೊನಾಥನ್ ಮುಂದೆ ತಾವೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕಾಯಿಲೆಯನ್ನು ಮುಚ್ಚಿಡುವುದೇ ಮರ್ಯಾದೆ ಅಂದುಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ನೆನೆಸಿಕೊಂಡರೆ ಆ ಧೈರ್ಯದ ಬೆಲೆ ತಿಳಿಯುತ್ತದೆ.

ವೈದ್ಯರು ಲಿಥಿಯಂ ಕೊಟ್ಟರು. ಅದು ಹಿಡಿಯಿತು. ಹುಡುಗ ಚೇತರಿಸಿಕೊಂಡ, ಓದು ಮುಗಿಸಿದ, ವಕೀಲನೂ ಆದ.

ಒಂದು ಮನೆಯ ಕತೆ ಇಲ್ಲಿಗೆ ಮುಗಿಯಬಹುದಿತ್ತು. ಮಗ ಉಳಿದ, ದೇವರು ದೊಡ್ಡವನು ಅಂತ ಸುಮ್ಮನಿರಬಹುದಿತ್ತು. ಸ್ಟ್ಯಾನ್ಲಿ ದಂಪತಿ, ಅಂದರೆ ಟೆಡ್ ಮತ್ತು ವೇಡಾ, ಸುಮ್ಮನಿರಲಿಲ್ಲ. ನಾನು ಈ ಪ್ರಕರಣವನ್ನು ಆರಿಸಿಕೊಂಡಿದ್ದು ಅದಕ್ಕೇ. ಮಾನಸಿಕ ಕಾಯಿಲೆಗಳ ಕಾರಣ ಹುಡುಕುವ ಕೆಲಸಕ್ಕೆ ಹೊರಗಿನವರು ಬೆಂಬಲ ಕೊಟ್ಟರೆ ಏನಾಗುತ್ತದೆ, ಎಷ್ಟು ಕಾಲ ಹಿಡಿಯುತ್ತದೆ, ಎಲ್ಲಿ ಎಡವಟ್ಟಾಗುತ್ತದೆ, ಕೊನೆಗೆ ಕೈಗೆ ಏನು ಸಿಗುತ್ತದೆ, ಎಲ್ಲವೂ ಇದೊಂದರಲ್ಲೇ ಕಾಣುತ್ತದೆ.

ಔಷಧ ಸಿಕ್ಕಿತ್ತು, ಕಾರಣ ಸಿಕ್ಕಿರಲಿಲ್ಲ

ಲಿಥಿಯಂ ಕತೆ ಗೊತ್ತಿದ್ದರೆ ಇವರ ಯೋಚನೆ ಅರ್ಥವಾಗುತ್ತದೆ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಗಿನಿಪಿಗ್‌ಗಳ ಮೇಲೆ ಬೇರೆ ಏನನ್ನೋ ಪರೀಕ್ಷೆ ಮಾಡುತ್ತಿದ್ದಾಗ, ಲಿಥಿಯಂ ಕೊಟ್ಟ ಪ್ರಾಣಿಗಳು ಮಂಕಾಗಿ ಮಲಗಿದ್ದನ್ನು ಗಮನಿಸಿದರು. ಅದನ್ನೇ ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿ 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1970ರಲ್ಲಿ. ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆಯ ಮೊದಲ ಔಷಧ ಕ್ಲೋರ್‌ಪ್ರೊಮಜೀನ್ ಕೂಡ ಹಾಗೇ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಬಳಸುತ್ತಿದ್ದುದನ್ನು 1952ರಲ್ಲಿ ಪ್ಯಾರಿಸ್‌ನಲ್ಲಿ ಮಾನಸಿಕ ರೋಗಿಗಳಿಗೆ ಕೊಟ್ಟು ನೋಡಿದರು, ಗುಣ ಕಂಡಿತು. ಕಾರಣ ತಿಳಿದು ಔಷಧ ಮಾಡಿದ್ದಲ್ಲ, ಔಷಧ ಮೊದಲು ಸಿಕ್ಕಿತು. ಲಿಥಿಯಂ ಹಿಡಿದವರಿಗೆ ಯಾಕೆ ಹಿಡಿಯಿತು ಅಂತ 1988ರಲ್ಲಿ ಯಾವ ವೈದ್ಯರೂ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹಿಡಿಯದೇ ಇದ್ದವರಿಗೆ ಯಾಕೆ ಹಿಡಿಯಲಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ತನ್ನ ಮಗ ಉಳಿದದ್ದು ಅದೃಷ್ಟದಿಂದ. ಪಕ್ಕದ ಮನೆಯ ಮಗನಿಗೆ ಆ ಅದೃಷ್ಟ ಇಲ್ಲದಿದ್ದರೆ? ಸ್ಟ್ಯಾನ್ಲಿಯವರ ದಾನದ ಬುಡದಲ್ಲಿರುವ ಪ್ರಶ್ನೆ ಇದು ಅಂತ ನನಗನ್ನಿಸುತ್ತದೆ.

ಅದೇ ಹೊತ್ತಿಗೆ ಇ. ಫುಲ್ಲರ್ ಟೋರಿ ಅನ್ನುವ ಮನೋವೈದ್ಯರು ಸ್ಕಿಜೋಫ್ರೇನಿಯಾ ಮಿದುಳಿನ ಕಾಯಿಲೆ, ತಾಯಿ ಸರಿಯಾಗಿ ಬೆಳೆಸದೇ ಬಂದದ್ದಲ್ಲ ಅಂತ ಗಟ್ಟಿಯಾಗಿ ವಾದಿಸುತ್ತಿದ್ದರು. ಅವರ ತಂಗಿಗೇ ಆ ಕಾಯಿಲೆ ಇತ್ತು. 20ನೇ ಶತಮಾನದ ನಡುವಿನಲ್ಲಿ ಅಮೆರಿಕದ ಎಷ್ಟೋ ವೈದ್ಯರು ಈ ಕಾಯಿಲೆಗೆ ತಾಯಿಯನ್ನೇ ಹೊಣೆ ಮಾಡುತ್ತಿದ್ದರು. ನಮ್ಮಲ್ಲಿ ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಅನ್ನುತ್ತೇವೆ. ಅಲ್ಲಿ ಓದಿದವರೇ ಅಮ್ಮನ ಕಡೆ ಬೆರಳು ತೋರಿಸುತ್ತಿದ್ದರು. ಎರಡೂ ಕಡೆ ನೊಂದವರು ಮನೆಯವರೇ, ಅಲ್ವಾ? ಸ್ಟ್ಯಾನ್ಲಿಯವರ ಹಣ, ಟೋರಿಯವರ ಹಠ ಸೇರಿ ಸ್ಟ್ಯಾನ್ಲಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಹುಟ್ಟಿತು. ಸ್ಕಿಜೋಫ್ರೇನಿಯಾ, ಬೈಪೋಲಾರ್, ಈ ಎರಡೇ ಕಾಯಿಲೆಗಳ ಮೇಲೆ ಗಮನ.

ಫ್ರೀಜರಿನೊಳಗಿನ ಮಿದುಳುಗಳು

ಈ ಸಂಸ್ಥೆ ಮಾಡಿದ ಕೆಲಸಗಳಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಮಿದುಳು ಬ್ಯಾಂಕ್. ಲಿವರ್ ಕಾಯಿಲೆಯಾದರೆ ಸೂಜಿ ಚುಚ್ಚಿ ಒಂದು ಚೂರು ತೆಗೆದು ನೋಡುತ್ತಾರೆ. ಬದುಕಿರುವ ಮನುಷ್ಯನ ಮಿದುಳಿನಿಂದ ಸುಮ್ನೆ ಹಾಗೆ ತೆಗೆಯಲಾಗುವುದಿಲ್ಲ. ಸ್ಕ್ಯಾನ್ ಮಾಡಿದರೆ ಆಕಾರ ಕಾಣುತ್ತದೆ, ರಕ್ತ ಎಲ್ಲಿ ಓಡುತ್ತಿದೆ ಅನ್ನುವುದು ಕಾಣುತ್ತದೆ. ಒಂದು ನರಕೋಶದೊಳಗೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಕಾಣುವುದಿಲ್ಲ. ಅದಕ್ಕೆ ಮಿದುಳಿನ ಚೂರೇ ಬೇಕು. ಅದು ಸಿಗುವುದು ಸತ್ತ ಮೇಲೆ, ಮನೆಯವರು ಒಪ್ಪಿದರೆ ಮಾತ್ರ.

1990ರ ದಶಕದ ನಡುವಿನಿಂದ ಟೋರಿ ತಂಡ ಮಿದುಳುಗಳನ್ನು ಸಂಗ್ರಹಿಸತೊಡಗಿತು. ಮರಣೋತ್ತರ ಪರೀಕ್ಷೆ ಮಾಡುವ ಸರ್ಕಾರಿ ಕಚೇರಿಗಳ ಮೂಲಕ ಮೃತರ ಕುಟುಂಬವನ್ನು ಕೇಳುತ್ತಿದ್ದರು. ಸಾವಿಗೂ ಮಿದುಳು ಫ್ರೀಜರಿಗೆ ಹೋಗುವುದಕ್ಕೂ ನಡುವೆ ಎಷ್ಟು ಗಂಟೆ ಆಯಿತು ಅನ್ನುವುದನ್ನು ಬರೆದಿಡುತ್ತಿದ್ದರು. ತಡವಾದಷ್ಟೂ ಜೀವಕೋಶದೊಳಗಿನ ಆರ್‌ಎನ್‌ಎ, ಅಂದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತು ಅಂತ ತೋರಿಸುವ ಅಣು, ಹಾಳಾಗುತ್ತದೆ. ಒಂದಷ್ಟು ಭಾಗ ಆಳವಾದ ಶೀತದಲ್ಲಿ, ಇನ್ನೊಂದಷ್ಟು ಕೊಳೆಯದಂತೆ ಕಾಪಾಡುವ ಫಾರ್ಮಾಲಿನ್ ದ್ರವದಲ್ಲಿ. ಯಾವ ಔಷಧ ತಗೊಳ್ಳುತ್ತಿದ್ದರು, ಸಿಗರೇಟು ಸೇದುತ್ತಿದ್ದರಾ, ಹೇಗೆ ಸತ್ತರು, ಕಾಯಿಲೆ ಯಾವ ವಯಸ್ಸಿನಲ್ಲಿ ಶುರುವಾಯಿತು, ಎಲ್ಲವೂ ದಾಖಲಾಗುತ್ತಿತ್ತು. ಮೊದಲ ಸಂಗ್ರಹದಲ್ಲಿ 60 ಮಿದುಳುಗಳಿದ್ದವು: ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ, ಮತ್ತು ಯಾವ ಮಾನಸಿಕ ಕಾಯಿಲೆಯೂ ಇಲ್ಲದವರು, ಒಂದೊಂದು ಗುಂಪಿಗೆ 15. ಆಮೇಲೆ 105 ಮಿದುಳುಗಳ ಇನ್ನೊಂದು ಸಂಗ್ರಹ ಬಂತು.

ಚೂರುಗಳನ್ನು ಜಗತ್ತಿನ ಸಂಶೋಧಕರಿಗೆ ಹಣ ಕೇಳದೆ ಕಳಿಸುತ್ತಿದ್ದರು. ಷರತ್ತು ಇಷ್ಟೇ. ಚೂರಿನ ಮೇಲೆ ಸಂಕೇತ ಸಂಖ್ಯೆ ಮಾತ್ರ ಇರುತ್ತದೆ, ಯಾವುದು ರೋಗಿಯದು ಯಾವುದು ಅಲ್ಲ ಅಂತ ಹೇಳುವುದಿಲ್ಲ. ನೀವು ಅಳತೆ ಮಾಡಿ ಲೆಕ್ಕ ಕಳಿಸಿದ ಮೇಲೆ ಗುಟ್ಟು ಬಿಡುತ್ತಾರೆ. ನಮಗೆ ಬೇಕಾದ ಉತ್ತರವನ್ನೇ ಕಣ್ಣು ಹುಡುಕುವುದು ಮನುಷ್ಯ ಸ್ವಭಾವ. ಅದಕ್ಕೆ ಇಷ್ಟು ಸರಳವಾದ ತಡೆ ಹಾಕಿದ್ದರು. ಹಣ ಕೊಡುವವರು ಇಂಥ ಶಿಸ್ತಿಗೂ ಹಣ ಕೊಡಬೇಕು ಅಂತ ನನಗೆ ಗಾಢವಾಗಿ ಅನ್ನಿಸುತ್ತದೆ. ಕಟ್ಟಡದ ಮೇಲೆ ಹೆಸರು ಬರುತ್ತದೆ. ಫ್ರೀಜರಿನ ಕರೆಂಟ್ ಬಿಲ್ಲಿನ ಮೇಲೆ ಯಾರ ಹೆಸರೂ ಬರುವುದಿಲ್ಲ.

ಇಲ್ಲೇ ಒಂದು ನೋವಿನ ಸಂಗತಿಯೂ ನಡೆಯಿತು. ಮೇನ್ ರಾಜ್ಯದಲ್ಲಿ ಕೆಲವು ಕುಟುಂಬಗಳು ಕೋರ್ಟಿಗೆ ಹೋದವು. ಸಣ್ಣ ಮಾದರಿ ತೆಗೆದುಕೊಳ್ಳಲು ಮಾತ್ರ ಒಪ್ಪಿದ್ದೆವು, ಇಡೀ ಮಿದುಳನ್ನೇ ಕೊಂಡೊಯ್ದಿದ್ದಾರೆ ಅನ್ನುವುದು ಅವರ ದೂರು. ಅನುಮತಿ ಕೇಳುತ್ತಿದ್ದದ್ದು ಫೋನಿನಲ್ಲಿ, ಅದೂ ಮನೆಯಲ್ಲಿ ಸಾವಾಗಿ ಕೆಲವೇ ಗಂಟೆಗಳಾಗಿರುವಾಗ. ಆ ಹೊತ್ತಲ್ಲಿ ಯಾರು ಏನು ಕೇಳಿಸಿಕೊಂಡಾರು? ಸಂಶೋಧನೆಯ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಆ ಮನೆಯವರ ನೋವನ್ನು ಸಣ್ಣದು ಮಾಡಬಾರದು. ಕೊಡುವವರ ನಂಬಿಕೆಯ ಮೇಲೇ ಮಿದುಳು ಬ್ಯಾಂಕ್ ನಿಂತಿರುವುದು. ಒಂದು ಊರಲ್ಲಿ ಅದು ಮುರಿದರೆ ಹತ್ತು ಊರಿನ ಜನ ಹಿಂದೆ ಸರಿಯುತ್ತಾರೆ.

ಮೊದಲ ವರ್ಷಗಳ ಸಂಶೋಧನೆಯ ದಿಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋಂಕಿನಿಂದ, ಅದರಲ್ಲೂ ಬೆಕ್ಕಿನಿಂದ ಹರಡುವ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಯಿಂದ ಈ ಕಾಯಿಲೆಗಳಿಗೆ ನಂಟಿರಬಹುದು ಅನ್ನುವುದು ಟೋರಿಯವರ ಬಲವಾದ ಅನುಮಾನ. ಅದಕ್ಕೆ ಸಾಕಷ್ಟು ಹಣ ಹೋಯಿತು. ಪ್ರಶ್ನೆ ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ದಾರಿ ಬದಲು

2007ರಲ್ಲಿ ಸ್ಟ್ಯಾನ್ಲಿ ಕುಟುಂಬ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿರುವ ಜೀನ್ ಸಂಶೋಧನಾ ಸಂಸ್ಥೆ ಬ್ರಾಡ್ ಇನ್‌ಸ್ಟಿಟ್ಯೂಟ್‌ಗೆ 10 ಕೋಟಿ ಡಾಲರ್ ಕೊಡುವುದಾಗಿ ಹೇಳಿತು. ಅಲ್ಲಿ ಸ್ಟ್ಯಾನ್ಲಿ ಕೇಂದ್ರ ಶುರುವಾಯಿತು. ಈಗ ಗುರಿ ಜೀನ್‌ಗಳ ಕಡೆ. ಸ್ಕಿಜೋಫ್ರೇನಿಯಾ ಕುಟುಂಬಗಳಲ್ಲಿ ಹರಿದು ಬರುತ್ತದೆ ಅನ್ನುವುದು ಹಳೆಯ ತಿಳಿವಳಿಕೆ. ಆದರೆ ಅದಕ್ಕೊಂದೇ ಜೀನ್ ಇಲ್ಲ. ನೂರಾರು ಜೀನ್‌ಗಳು ಒಂದೊಂದೂ ಸ್ವಲ್ಪಸ್ವಲ್ಪ ಅಪಾಯ ಕೂಡಿಸುತ್ತವೆ. ಅಷ್ಟು ಸಣ್ಣ ಪರಿಣಾಮ ಕಣ್ಣಿಗೆ ಬೀಳಬೇಕಾದರೆ ಸಾವಿರ ಜನರ ರಕ್ತ ಸಾಲದು, ಲಕ್ಷ ಜನರದ್ದು ಬೇಕು.

ಇದೇ ಕಾಲದಲ್ಲಿ ದೊಡ್ಡ ಔಷಧ ಕಂಪನಿಗಳು ಈ ಕ್ಷೇತ್ರದಿಂದ ಕೈ ತೊಳೆದುಕೊಳ್ಳುತ್ತಿದ್ದವು. 2010ರ ಸುಮಾರಿಗೆ ಗ್ಲ್ಯಾಕ್ಸೊಸ್ಮಿತ್‌ಕ್ಲೈನ್, ಆಸ್ಟ್ರಾಜೆನೆಕಾ ಮಾನಸಿಕ ಕಾಯಿಲೆಗಳ ಸಂಶೋಧನೆಯನ್ನು ಬಹುಮಟ್ಟಿಗೆ ನಿಲ್ಲಿಸಿದವು. ಕಾರಣವೇ ಗೊತ್ತಿಲ್ಲದ ಕಾಯಿಲೆಗೆ ಔಷಧ ಹುಡುಕುವುದು ಅವರಿಗೆ ಗಿಟ್ಟುತ್ತಿರಲಿಲ್ಲ. ಎಲ್ಲರೂ ಹೊರಟು ಹೋಗುತ್ತಿದ್ದಾಗ ಒಬ್ಬರು ಬಂದು ಕೂತರು ಅಂದರೆ ಅದರ ತೂಕವೇ ಬೇರೆ.

2014ರ ಜುಲೈ 22ರಂದು ಎರಡು ಸುದ್ದಿ ಒಟ್ಟಿಗೆ ಬಂದವು. ಹಲವು ದೇಶಗಳ ಸಂಶೋಧಕರ ಒಕ್ಕೂಟವೊಂದು ಸ್ಕಿಜೋಫ್ರೇನಿಯಾ ಇರುವ 36,989 ಜನ, ಇಲ್ಲದ 1,13,075 ಜನರ ಡಿಎನ್‌ಎ ಹೋಲಿಸಿ, ಅಪಾಯಕ್ಕೆ ನಂಟಿರುವ 108 ಜಾಗಗಳನ್ನು ಗುರುತಿಸಿತ್ತು. ಬ್ರಾಡ್ ಅದರಲ್ಲಿ ದೊಡ್ಡ ಪಾಲುದಾರ. ಅದೇ ದಿನ ಟೆಡ್ ಸ್ಟ್ಯಾನ್ಲಿ 65 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದರು. ಆಗಿನ ಲೆಕ್ಕದಲ್ಲಿ ಸುಮಾರು 3,900 ಕೋಟಿ ರೂಪಾಯಿ. ಬದುಕಿರುವವರೆಗೆ ವರ್ಷ ವರ್ಷ ಒಂದಷ್ಟು, ಉಳಿದದ್ದು ತೀರಿಕೊಂಡ ಮೇಲೆ. ಮೂರು ವರ್ಷದಲ್ಲಿ ಏನು ಸಾಧಿಸುತ್ತೀರಿ ಅಂತ ಕೇಳುವ ಸರ್ಕಾರಿ ಅನುದಾನಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಮೊತ್ತಕ್ಕಿಂತ ಆ ತಾಳ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ಸಿ4

ಆ 108 ಜಾಗಗಳಲ್ಲಿ ಎಲ್ಲಕ್ಕಿಂತ ಜೋರಾದ ಸಂಕೇತ ಬರುತ್ತಿದ್ದದ್ದು 6ನೇ ಕ್ರೋಮೋಸೋಮ್‌ನಿಂದ. ರೋಗನಿರೋಧಕ ಶಕ್ತಿಗೆ ಸೇರಿದ ನೂರಾರು ಜೀನ್‌ಗಳು ಒತ್ತೊತ್ತಾಗಿ ಕೂತಿರುವ ಜಾಗ ಅದು. ಅಷ್ಟರಲ್ಲಿ ತಪ್ಪಿತಸ್ಥ ಯಾರು ಅಂತ ಗೊತ್ತಾಗುತ್ತಿರಲಿಲ್ಲ.

ಜೀನ್ ವಿಜ್ಞಾನಿ ಸ್ಟೀವನ್ ಮೆಕ್‌ಕ್ಯಾರಲ್ ಅವರ ಪ್ರಯೋಗಾಲಯದಲ್ಲಿ ಅಶ್ವಿನ್ ಶೇಖರ್ ಅನ್ನುವ ವಿದ್ಯಾರ್ಥಿ ಇದನ್ನು ಹಿಡಿದು ಕೂತರು. ಅನುಮಾನ ಬಂದದ್ದು ಸಿ4 ಅನ್ನುವ ಜೀನ್ ಮೇಲೆ. ತೊಂದರೆ ಏನೆಂದರೆ, ಈ ಜೀನ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಎ, ಬಿ ಅಂತ ಎರಡು ಬಗೆ. ಪ್ರತಿಯೊಂದರಲ್ಲೂ ಉದ್ದದ್ದು, ಗಿಡ್ಡದ್ದು. ಎಷ್ಟು ಪ್ರತಿ ಇವೆ ಅನ್ನುವುದೂ ಒಬ್ಬರಿಂದ ಒಬ್ಬರಿಗೆ ಬೇರೆ. ಸಾಮಾನ್ಯ ಜೀನ್ ಪರೀಕ್ಷೆಯ ಚಿಪ್‌ಗಳಿಗೆ ಈ ಎಣಿಕೆ ದಕ್ಕುತ್ತಿರಲಿಲ್ಲ. ಮೊದಲು ಪ್ರತಿಗಳನ್ನು ಎಣಿಸುವ ವಿಧಾನ ಕಂಡುಕೊಂಡರು. ಆಮೇಲೆ, ಸುತ್ತಮುತ್ತಲಿನ ಡಿಎನ್‌ಎ ಗುರುತುಗಳನ್ನು ನೋಡಿ ಒಬ್ಬರಲ್ಲಿ ಸಿ4 ಯಾವ ರೂಪದಲ್ಲಿದೆ ಅಂತ ಊಹಿಸುವ ಲೆಕ್ಕ ಕಟ್ಟಿದರು. ಅದನ್ನು 28,799 ರೋಗಿಗಳು, 35,986 ರೋಗವಿಲ್ಲದವರ ಮಾಹಿತಿಗೆ ಹಾಕಿ ನೋಡಿದರು. ಸಿ4ಎ ಹೆಚ್ಚು ಕೆಲಸ ಮಾಡುವ ರೂಪ ಯಾರಲ್ಲಿದೆಯೋ ಅವರಲ್ಲಿ ಸ್ಕಿಜೋಫ್ರೇನಿಯಾದ ಅಪಾಯ ಜಾಸ್ತಿ.

ಆದರೆ ರಕ್ತದ ಡಿಎನ್‌ಎ ಹೇಳಿದ್ದು ಮಿದುಳಿನಲ್ಲಿ ನಿಜವೇ? ಇದಕ್ಕೆ ಉತ್ತರ ಕೊಟ್ಟದ್ದು ಸುಮಾರು 700 ಮರಣೋತ್ತರ ಮಿದುಳು ಮಾದರಿಗಳು. ಸ್ಟ್ಯಾನ್ಲಿ ಬ್ಯಾಂಕಿನವೂ ಅದರಲ್ಲಿದ್ದವು. ಕಾಯಿಲೆ ಇದ್ದವರ ಮಿದುಳಿನಲ್ಲಿ ಸಿ4ಎ ಹೆಚ್ಚಾಗಿಯೇ ಇತ್ತು. ಯಾವುದೋ ತಾಯಿ, ಯಾವುದೋ ಅಣ್ಣ ಫೋನಿನಲ್ಲಿ ಆಗಲಿ ಅಂದಿದ್ದರಿಂದ ಈ ಮಾತು ಹೇಳಲು ಸಾಧ್ಯವಾಯಿತು.

ಸಿ4 ಮಿದುಳಿನಲ್ಲಿ ಮಾಡುವ ಕೆಲಸವೇನು? ಇಲ್ಲಿಗೆ ನರವಿಜ್ಞಾನಿ ಬೆತ್ ಸ್ಟೀವನ್ಸ್ ಬರುತ್ತಾರೆ. ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಗುಂಪು ದೇಹದಲ್ಲಿ ಬ್ಯಾಕ್ಟೀರಿಯಾ ಮೇಲೆ ಗುರುತು ಹಾಕುತ್ತದೆ, ಗುರುತು ಬಿದ್ದದ್ದನ್ನು ರಕ್ಷಣಾ ಕೋಶಗಳು ನುಂಗುತ್ತವೆ. ಸಿ4 ಅದೇ ಗುಂಪಿನದು. ಬೆಳೆಯುವ ಮಿದುಳಿನಲ್ಲಿ ಈ ಪ್ರೋಟೀನುಗಳು ನರಕೋಶಗಳ ನಡುವಿನ ಕೊಂಡಿಗಳಿಗೆ, ಅಂದರೆ ಸಿನಾಪ್ಸ್‌ಗಳಿಗೆ, ಗುರುತು ಹಾಕುತ್ತವೆ ಅಂತ ಅವರು ಮೊದಲೇ ತೋರಿಸಿದ್ದರು. ಗುರುತು ಬಿದ್ದ ಕೊಂಡಿಯನ್ನು ಮೈಕ್ರೊಗ್ಲಿಯಾ ಅನ್ನುವ, ಮಿದುಳಿನದೇ ರಕ್ಷಣಾ ಕೋಶಗಳು ತಿಂದು ಹಾಕುತ್ತವೆ. ಇದು ಕೆಟ್ಟದ್ದಲ್ಲ. ಮಲೆನಾಡಿನಲ್ಲಿ ಕಾಫಿ ಗಿಡದ ಬೇಡದ ಚಿಗುರು ತೆಗೆಯುವುದನ್ನು ನೋಡಿದವರಿಗೆ ಥಟ್ಟನೆ ಅರ್ಥವಾಗುತ್ತದೆ: ತೆಗೆದರೇ ಫಸಲು, ಮಿತಿ ಮೀರಿ ತೆಗೆದರೆ ಗಿಡಕ್ಕೇ ಪೆಟ್ಟು. ಸಿ4 ಇಲ್ಲದ ಇಲಿಗಳಲ್ಲಿ ಈ ಕತ್ತರಿಸುವಿಕೆ ಕಡಿಮೆಯಾಗಿದ್ದು ಕಂಡುಬಂತು.

ಹದಿಹರೆಯದಲ್ಲಿ ಮಿದುಳಿನ ಕೊಂಡಿಗಳು ಹೆಚ್ಚಾಗಿ ಕತ್ತರಿಸಲ್ಪಡುತ್ತವೆ. ಸ್ಕಿಜೋಫ್ರೇನಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಹದಿಹರೆಯದ ಕೊನೆಗೆ, ಇಪ್ಪತ್ತರ ಆಸುಪಾಸಿಗೆ. ಇವೆರಡಕ್ಕೂ ನಂಟಿರಬಹುದು ಅಂತ ಸಂಶೋಧಕ ಇರ್ವಿನ್ ಫೈನ್‌ಬರ್ಗ್ 1980ರ ದಶಕದ ಆರಂಭದಲ್ಲೇ ಬರೆದಿದ್ದರು. ಆಗ ಅದು ಊಹೆ. ಈಗ ಆ ಊಹೆಗೆ ಒಂದು ಜೀನ್, ಒಂದು ಪ್ರೋಟೀನು, ಒಂದು ಕೋಶದ ಆಸರೆ ಸಿಕ್ಕಿತು. ಚೆನ್ನಾಗಿ ಓದುತ್ತಿದ್ದ ಹುಡುಗ ಪಿಯುಸಿ ಮುಗಿಯುವ ಹೊತ್ತಿಗೆ ಯಾಕೆ ಹೀಗಾದ ಅಂತ ತಮ್ಮನ್ನೇ ತಾವು ಬೈದುಕೊಳ್ಳುವ ಅಪ್ಪ ಅಮ್ಮಂದಿರಿಗೆ ಈ ಮಾತು ಮುಟ್ಟಬೇಕು.

ಈ ಅಧ್ಯಯನ ನೇಚರ್ ಪತ್ರಿಕೆಯಲ್ಲಿ ಬಂದದ್ದು 2016ರ ಜನವರಿ ಕೊನೆಯಲ್ಲಿ. ಟೆಡ್ ಸ್ಟ್ಯಾನ್ಲಿ ಅದೇ ಜನವರಿಯ ಮೊದಲ ದಿನಗಳಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಕೈಗೆ ಸಿಕ್ಕಿದ್ದೇನು

ನೇರವಾಗಿ ಹೇಳುವುದಾದರೆ, ಔಷಧ ಸಿಕ್ಕಿಲ್ಲ. ಸಿ4 ಒಂದರಿಂದಲೇ ಯಾರಿಗೂ ಸ್ಕಿಜೋಫ್ರೇನಿಯಾ ಬರುವುದಿಲ್ಲ, ಅದು ಅಪಾಯವನ್ನು ಸ್ವಲ್ಪ ಏರಿಸುತ್ತದೆ ಅಷ್ಟೆ. ಅದನ್ನು ಪರೀಕ್ಷೆ ಮಾಡಿಸಿಕೊಂಡು ನಿಮ್ಮ ಮಗುವಿಗೆ ಕಾಯಿಲೆ ಬರುತ್ತದೆ ಅಂತ ಹೇಳುವ ಹಾಗೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾಕ್ಕೆ ದಶಕಗಳ ನಂತರ ಹೊಸ ದಾರಿಯ ಔಷಧ ಬಂತು, ಹೆಸರು ಕೊಬೆನ್ಫಿ. ಅದರ ಮುಖ್ಯ ಅಂಶ ಜಾನೊಮೆಲಿನ್. ಅದನ್ನು 1990ರ ದಶಕದಲ್ಲಿ ಆಲ್ಜೈಮರ್ಸ್ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾಗ ಭ್ರಮೆಗಳು ಕಡಿಮೆಯಾದದ್ದು ಕಂಡಿತ್ತು. ಮತ್ತೆ ಆಕಸ್ಮಿಕವೇ.

ಹಾಗಾದರೆ ಹಣ ದಂಡವೇ? ಕೇಳುವವರು ಸಣ್ಣವರಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯನ್ನು 2002ರಿಂದ 2015ರವರೆಗೆ ನಡೆಸಿದ ಟಾಮ್ ಇನ್ಸೆಲ್ ತಾವೇ ಒಪ್ಪಿಕೊಂಡಿದ್ದಾರೆ: ಸಾವಿರಾರು ಕೋಟಿ ಡಾಲರ್ ಮಿದುಳು ಮತ್ತು ಜೀನ್ ವಿಜ್ಞಾನಕ್ಕೆ ಸುರಿದರೂ ಆತ್ಮಹತ್ಯೆ, ಆಸ್ಪತ್ರೆ ವಾಸ ಇಳಿಯಲಿಲ್ಲ. ಟೋರಿ ಕೂಡ ಜೀನ್‌ಗಳ ಕಡೆಗೇ ಹಣ ವಾಲುತ್ತಿದೆ ಅಂತ ಬಹಿರಂಗವಾಗಿ ಟೀಕಿಸಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನಮ್ಮ ದೇಶಕ್ಕೆ ಇದು ಇನ್ನೂ ಚುರುಕಾಗಿ ತಟ್ಟುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 10.6% ಜನರಿಗೆ ಯಾವುದಾದರೂ ಮಾನಸಿಕ ಕಾಯಿಲೆ ಇದೆ. ಕಾಯಿಲೆಗೆ ತಕ್ಕಂತೆ 70ರಿಂದ 92% ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇರುವ ಮಾತ್ರೆಯೇ ತಾಲ್ಲೂಕು ಆಸ್ಪತ್ರೆಗೆ ಮುಟ್ಟದಿರುವಾಗ ಜೀನ್ ಹುಡುಕುವುದೇ ಅಂತ ಯಾರಾದರೂ ಸಿಟ್ಟಾದರೆ ಅದು ನ್ಯಾಯವಾದ ಸಿಟ್ಟು.

ಆದರೂ ನನ್ನ ತೀರ್ಮಾನ ಬೇರೆ. ಇರುವ ಮಾತ್ರೆಯನ್ನು ಎಲ್ಲರಿಗೂ ಮುಟ್ಟಿಸುವುದು ಸರ್ಕಾರದ ಕೆಲಸ, ಅದನ್ನು ಬಿಡುವಂತಿಲ್ಲ. ಮಾತ್ರೆ ಹಿಡಿಯದವರಿಗೆ ಏನು ಮಾಡುವುದು ಅನ್ನುವುದಕ್ಕೆ ಉತ್ತರ ಕಾರಣ ತಿಳಿದರೆ ಮಾತ್ರ ಸಿಗುತ್ತದೆ. ಆ ಕೆಲಸಕ್ಕೆ ಬೇಕಾದ ಮೂವತ್ತು ವರ್ಷದ ತಾಳ್ಮೆ ಖಾಸಗಿ ದಾನಕ್ಕೆ ಇದ್ದಷ್ಟು ಬಜೆಟ್ಟಿಗೆ ಇರುವುದಿಲ್ಲ. ಫಲವೂ ಕಾಣತೊಡಗಿದೆ. 2022ರಲ್ಲಿ ಬ್ರಾಡ್ ಮುಂದಾಳುತನದ ತಂಡ 24,248 ರೋಗಿಗಳ ಜೀನ್ ಓದಿ, ಕೆಟ್ಟರೆ ಅಪಾಯವನ್ನು ಬಹಳ ಏರಿಸುವ 10 ಜೀನ್‌ಗಳನ್ನು ಹೆಸರಿಸಿತು. ಅದೇ ವರ್ಷ ಬೈಪೋಲಾರ್ ಕಾಯಿಲೆಯಲ್ಲಿ ಎಕೆಎಪಿ11 ಅನ್ನುವ ಜೀನ್ ಸಿಕ್ಕಿತು. ಅದರ ಪ್ರೋಟೀನು ಅಂಟಿಕೊಳ್ಳುವುದು ಜಿಎಸ್‌ಕೆ3ಬಿ ಅನ್ನುವ ಇನ್ನೊಂದು ಪ್ರೋಟೀನಿಗೆ. ಲಿಥಿಯಂ ಕೆಲಸ ಮಾಡುವುದು ಅದರ ಮೇಲೇ ಇರಬಹುದು ಅಂತ ವಿಜ್ಞಾನಿಗಳು ಬಹಳ ಕಾಲದಿಂದ ಅನುಮಾನಿಸುತ್ತಿದ್ದರು. ಜೊನಾಥನ್‌ಗೆ ಔಷಧ ಯಾಕೆ ಹಿಡಿಯಿತು ಅನ್ನುವ ಪ್ರಶ್ನೆಗೆ ಒಂದು ಎಳೆ, ಅವರಪ್ಪನ ಹಣದಿಂದಲೇ ನಡೆಯುವ ಕೇಂದ್ರದಿಂದ ಸಿಕ್ಕಿತು.

ಬೆಂಗಳೂರಿನಲ್ಲಿ

ಈ ದೊಡ್ಡ ಅಧ್ಯಯನಗಳಲ್ಲಿ ಬಹುಪಾಲು ಯುರೋಪ್ ಮೂಲದವರ ರಕ್ತವೇ ಇದೆ. ನಮ್ಮವರ ಜೀನ್‌ಗಳಲ್ಲಿ ಏನಿದೆ ಅಂತ ನಾವೇ ನೋಡಬೇಕು. ನಿಮ್ಹಾನ್ಸ್ ಜೊತೆ ಬೆಂಗಳೂರಿನದೇ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್ ಸೇರಿ ಅಂಥ ಕೆಲಸ ನಡೆಸಿವೆ. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಾರೆ. ಅವರು ಕೊಟ್ಟ ರಕ್ತದಿಂದ ಆಕರಕೋಶ, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್, ಮಾಡಿ, ಅದರಿಂದ ಗಾಜಿನ ತಟ್ಟೆಯಲ್ಲಿ ನರಕೋಶ ಬೆಳೆಸುತ್ತಾರೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು, ವ್ಯಸನ, ಮರೆಗುಳಿತನ ಈ ಐದರ ಮೇಲೆ ಗಮನ. ಇದನ್ನು ಮುಂದುವರಿಸಲು ರೋಹಿಣಿ ನಿಲೇಕಣಿ ಅವರ ದಾನ ಸಂಸ್ಥೆ 100 ಕೋಟಿ ರೂಪಾಯಿ ಕೊಡಲು ಒಪ್ಪಿ, 2023ರಲ್ಲಿ ಮಿದುಳು ಮತ್ತು ಮನಸ್ಸಿನ ಕೇಂದ್ರ ಶುರುವಾಗಿದೆ.

ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ 1995ರಿಂದಲೇ ಇದೆ. ನರರೋಗಶಾಸ್ತ್ರ ವಿಭಾಗದ ಡಾ. ಎಸ್. ಕೆ. ಶಂಕರ್ ಕಟ್ಟಿದ್ದು. ಕಣ್ಣು ದಾನ ನಮ್ಮಲ್ಲಿ ಮನೆಮಾತಾಗಿದೆ, ರಾಜ್‌ಕುಮಾರ್ ಅವರಿಂದ ಅದಕ್ಕೆ ಸಿಕ್ಕ ಬಲ ಎಲ್ಲರಿಗೂ ಗೊತ್ತು. ಮಿದುಳು ದಾನ ಇನ್ನೂ ಅಲ್ಲಿಗೆ ಬಂದಿಲ್ಲ. ಕಾಯಿಲೆ ಇದ್ದವರದ್ದು ಮಾತ್ರ ಬೇಕು ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ಮಿದುಳೂ ಅಷ್ಟೇ ಬೇಕು, ಆ 60ರಲ್ಲಿ 15 ಇದ್ದ ಹಾಗೆ. ಕೊಡುವ ಮನಸ್ಸಿದ್ದರೆ ಮನೆಯವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ. ಸಾವಾದ ಕೆಲವು ಗಂಟೆಗಳೊಳಗೆ ಆಸ್ಪತ್ರೆಗೆ ಫೋನ್ ಮಾಡಬೇಕಾದವರು, ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ.